ಸತ್ತವರಿಗೂ ಜೀವನ ಪ್ರಮಾಣಪತ್ರ ಕೊಡುವ ಮಲ್ಟಿಮೀಟರ್ ಸಾಹೇಬರಿಗೆ

ಗೆ,
ಶ್ರೀ ಡಿಜಿಟಲ್ ಮಲ್ಟಿಮೀಟರ್ ಸಾಹೇಬರು,
ಕೆಪಾಸಿಟೆನ್ಸ್ ವಿಭಾಗ,
ರಿಪೇರಿ ಮೇಜು, ಬೆಂಗಳೂರು.

ವಿಷಯ: ಹಳೆಯ ಕಂಪ್ಯೂಟರುಗಳ ಕೆಪಾಸಿಟರ್‌ಗಳಿಗೆ ತಾವು ಉದಾರವಾಗಿ ಹಂಚುತ್ತಿರುವ ಪ್ರಮಾಣಪತ್ರಗಳ ಕುರಿತು.

ಮಾನ್ಯರೇ,

ಮೊದಲು ತಮ್ಮ ಸೇವೆಗೊಂದು ನಮಸ್ಕಾರ. ವೋಲ್ಟ್ ಅಳೆಯುವುದರಲ್ಲಿ ತಮಗೆ ಸಾಟಿಯಿಲ್ಲ. ತಂತಿ ಎಲ್ಲಾದರೂ ತುಂಡಾಗಿದೆಯೇ ಎಂದು ಕೇಳಿದರೆ ಕುಂಯ್ ಎಂಬ ಒಂದೇ ಸದ್ದಿನಲ್ಲಿ ಉತ್ತರ ಕೊಟ್ಟು ಸುಮ್ಮನಾಗುತ್ತೀರಿ. ಅಷ್ಟು ಕಡಿಮೆ ಮಾತಿನಲ್ಲಿ ಅಷ್ಟು ನಿಜ ಹೇಳುವವರು ನಮ್ಮ ಸಾರ್ವಜನಿಕ ಜೀವನದಲ್ಲಂತೂ ಸಿಗುವುದಿಲ್ಲ. ಇಷ್ಟಕ್ಕೇ ನಿಂತಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ತಮ್ಮನ್ನು ತಯಾರಿಸಿದವರಿಗೆ ಡಯಲ್ಲಿನಲ್ಲಿ ಒಂದು ಮೂಲೆ ಖಾಲಿ ಕಂಡಿತು. ಅಲ್ಲಿ ಎರಡು ಗೆರೆಗಳ ಪುಟ್ಟ ಚಿಹ್ನೆ ಮುದ್ರಿಸಿ, ಕೆಪಾಸಿಟೆನ್ಸ್ ಖಾತೆಯನ್ನೂ ತಮಗೇ ಹೆಚ್ಚುವರಿಯಾಗಿ ವಹಿಸಿದರು. ಹೆಚ್ಚುವರಿ ಖಾತೆ ಸಿಕ್ಕವರು ಮಾಡುವುದನ್ನೇ ತಾವೂ ಮಾಡಿದಿರಿ.

ಪಿಂಚಣಿ ಪಡೆಯುವ ನಮ್ಮ ಹಿರಿಯರು ಪ್ರತಿ ನವೆಂಬರಿನಲ್ಲಿ ತಾವಿನ್ನೂ ಬದುಕಿದ್ದೇವೆಂದು ಜೀವನ ಪ್ರಮಾಣಪತ್ರ ಸಲ್ಲಿಸಬೇಕು. ಕಣ್ಣೆದುರು ಕೆಮ್ಮುತ್ತ ನಿಂತವರಿಂದಲೂ ಕಾಗದ ಕೇಳುವ ವ್ಯವಸ್ಥೆ ಅದು. ತಮ್ಮ ಕಚೇರಿ ಅಷ್ಟು ನಿರ್ದಯಿಯಲ್ಲ. ಇಪ್ಪತ್ತು ವರ್ಷ ಹಳೆಯ ಮದರ್‌ಬೋರ್ಡಿನಿಂದ ಕಿತ್ತು ತಂದ, ಒಳಗಿನ ದ್ರವ ಎಂದೋ ಆರುತ್ತ ಬಂದ 1000 ಮೈಕ್ರೋಫ್ಯಾರಡ್‌ನ ಕೆಪಾಸಿಟರನ್ನು ಎದುರಿಗೆ ಹಿಡಿದರೂ ತಾವು ನಾಲ್ಕಾರು ಸೆಕೆಂಡು ಯೋಚಿಸಿ 930 ಎಂದು ಬರೆದು ರುಜು ಹಾಕುತ್ತೀರಿ. ಎಲೆಕ್ಟ್ರೋಲಿಟಿಕ್ ಜಾತಿಗೆ ಸಾಮಾನ್ಯವಾಗಿ ಶೇಕಡಾ 20ರಷ್ಟು ಹೆಚ್ಚುಕಡಿಮೆ ಮಾಫಿ ಇದೆ. ಆ ಲೆಕ್ಕದಲ್ಲಿ 930 ಎಂದರೆ ಡಿಸ್ಟಿಂಕ್ಷನ್. ನಾವು ಸಂತೋಷದಿಂದ ಅದನ್ನು ವಾಪಸ್ ಬೆಸುಗೆ ಹಾಕುತ್ತೇವೆ. ಫ್ಯಾನ್ ಅರೆಕ್ಷಣ ತಿರುಗಿ ನಿಲ್ಲುತ್ತದೆ. ಕಂಪ್ಯೂಟರ್ ಏಳುವುದಿಲ್ಲ. ತಮ್ಮ ಪ್ರಮಾಣಪತ್ರ ಮಾತ್ರ ಕೈಯಲ್ಲಿದೆ.

ತಾವು ಸುಳ್ಳು ಹೇಳಿದಿರಿ ಎನ್ನುತ್ತಿಲ್ಲ. ತಮ್ಮ ವಿಧಾನವೇ ಸಾವಧಾನದ್ದು. ಕೆಪಾಸಿಟರಿಗೆ ಸಣ್ಣದೊಂದು ಕರೆಂಟ್ ಹರಿಸಿ, ಅದರ ವೋಲ್ಟೇಜ್ ಏರಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡುತ್ತೀರಿ. ಹರಿಸಿದ್ದು ಒಂದು ಮಿಲಿಆಂಪಿಯರ್ ಎಂದುಕೊಳ್ಳೋಣ. ಕೆಪಾಸಿಟರಿನ ಒಳಗೆ ಎರಡು ಓಮ್‌ನಷ್ಟು ರೋಗ ಕೂತಿದ್ದರೂ ಅಲ್ಲಿ ಬೀಳುವುದು ಎರಡು ಮಿಲಿವೋಲ್ಟ್. ಅದು ತಮ್ಮ ಕಣ್ಣಿಗೆ ಬೀಳುವುದಿಲ್ಲ, ಬೀಳಬೇಕಾದ ಕಾರಣವೂ ಇಲ್ಲ. ಆದರೆ ಇದೇ ಕೆಪಾಸಿಟರ್ ಮದರ್‌ಬೋರ್ಡಿನ ಮೇಲೆ, ಪ್ರೊಸೆಸರಿನ ಪಕ್ಕದಲ್ಲಿ, ಸೆಕೆಂಡಿಗೆ ಲಕ್ಷಾಂತರ ಸಲ ಕರೆಂಟನ್ನು ನುಂಗಿ ಉಗುಳಬೇಕು. ಆರೋಗ್ಯವಾಗಿದ್ದಾಗ ಅದರ ಒಳರೋಧ 0.02 ಓಮ್ ಎಂದಿಟ್ಟುಕೊಳ್ಳಿ. ಎರಡು ಆಂಪಿಯರ್ ಹೊಯ್ದಾಡಿದರೆ 40 ಮಿಲಿವೋಲ್ಟ್ ಅಲೆ, 0.08 ವ್ಯಾಟ್ ಬಿಸಿ, ಯಾರಿಗೂ ತೊಂದರೆಯಿಲ್ಲ. ಒಳರೋಧ ಒಂದು ಓಮ್‌ಗೆ ಏರಿತು ಎನ್ನಿ: ಅದೇ ಎರಡು ಆಂಪಿಯರಿಗೆ ಎರಡು ವೋಲ್ಟ್ ಅಲೆ, ನಾಲ್ಕು ವ್ಯಾಟ್ ಬಿಸಿ. ಒಂದೂವರೆ ವೋಲ್ಟ್‌ನಲ್ಲಿ ಬದುಕುವ ಪ್ರೊಸೆಸರಿಗೆ ಎರಡು ವೋಲ್ಟ್ ಅಲೆ! ವಾಸ್ತವದಲ್ಲಿ ಅಷ್ಟು ದೂರ ಹೋಗುವುದಿಲ್ಲ. ಪಕ್ಕದ ಕೆಪಾಸಿಟರ್‌ಗಳು ಆ ಕೆಲಸವನ್ನು ತಾವು ಹೊತ್ತುಕೊಳ್ಳುತ್ತವೆ, ಹೊತ್ತು ಕಾಯುತ್ತವೆ, ಕಾದು ತಾವೂ ಒಣಗುತ್ತವೆ. ಒಂದು ಹೋದರೆ ಸಾಲಾಗಿ ಹೋಗುವುದು ಇದೇ ಕಾರಣಕ್ಕೆ.

ಈ ಒಳರೋಧಕ್ಕೆ ಇಎಸ್‌ಆರ್ ಎನ್ನುತ್ತಾರೆ. ಅಲ್ಯೂಮಿನಿಯಂ ಹಾಳೆಯ ಸುರುಳಿ, ಅದರ ಮೈಮೇಲೆ ಆಕ್ಸೈಡಿನ ತೆಳು ಪೊರೆ, ನಡುವೆ ದ್ರವದಲ್ಲಿ ನೆನೆದ ಕಾಗದ. ಎಲೆಕ್ಟ್ರೋಲಿಟಿಕ್ ಎಂದರೆ ಇಷ್ಟೇ. ದ್ರವ ವರ್ಷಗಟ್ಟಲೆ ರಬ್ಬರ್ ಬಿರಡೆಯ ಮೂಲಕ ಹೊರಗೆ ಹೋಗುತ್ತಲೇ ಇರುತ್ತದೆ. ಡಬ್ಬಿಯ ಮೇಲೆ ‘105 ಡಿಗ್ರಿ’ ಎಂದು ಬರೆದಿರುತ್ತದೆ. ಎರಡು ಸಾವಿರ ಗಂಟೆಯ ಆಯುಸ್ಸು ಎಂಬುದು ಕಂಪನಿಯ ಡೇಟಾಶೀಟಿನಲ್ಲಿ ಮಾತ್ರ ಇರುತ್ತದೆ. ಶಾಖ ಹತ್ತು ಡಿಗ್ರಿ ಇಳಿದಂತೆಲ್ಲ ಆಯುಸ್ಸು ಇಮ್ಮಡಿ ಎಂಬ ಸ್ಥೂಲ ಲೆಕ್ಕದಲ್ಲಿ, 65 ಡಿಗ್ರಿಯಲ್ಲಿ ಅದು 32 ಸಾವಿರ ಗಂಟೆ. ಸರಕಾರಿ ಕಚೇರಿಯಲ್ಲಿ ಹಗಲೂ ರಾತ್ರಿ ಆಫ್ ಮಾಡದೆ ಇಟ್ಟ ಕಂಪ್ಯೂಟರಿಗೆ ನಾಲ್ಕು ವರ್ಷವೂ ತುಂಬುವುದಿಲ್ಲ. ದ್ರವ ಕಡಿಮೆಯಾದಾಗ ಮೊದಲು ಕೈಕೊಡುವುದು ಸಾಮಾನ್ಯವಾಗಿ ಇಎಸ್‌ಆರ್. ತಾವು ಅಳೆಯುವ ಮೈಕ್ರೋಫ್ಯಾರಡ್ ಆಮೇಲೆ ನಿಧಾನವಾಗಿ ಕುಸಿಯುತ್ತದೆ. ಅಂದರೆ ತಾವು ರುಜು ನಿಲ್ಲಿಸುವ ಹೊತ್ತಿಗೆ ಊರಿಗೆಲ್ಲ ಸುದ್ದಿ ಗೊತ್ತಾಗಿರುತ್ತದೆ.

2000ದ ಆಸುಪಾಸಿನ ಯಂತ್ರಗಳಲ್ಲಿ ಈ ನಿಧಾನವೂ ಇರಲಿಲ್ಲ. ದ್ರವದ ರಸಾಯನವೇ ತಪ್ಪಿ, ಒಳಗೆ ಹೈಡ್ರೋಜನ್ ಹುಟ್ಟಿ, ಕೆಪಾಸಿಟರ್‌ಗಳ ನೆತ್ತಿ ಉಬ್ಬಿ ಒಡೆಯತೊಡಗಿತು. ಜಪಾನಿನಿಂದ ಕದ್ದ ಫಾರ್ಮುಲಾದಲ್ಲಿ ಅರ್ಧ ಬಿಟ್ಟುಹೋಗಿತ್ತು ಎಂಬ ಕತೆ ಆಗ ಜನಪ್ರಿಯವಾಯಿತು. ಕತೆ ಚೆನ್ನಾಗಿದೆ, ಆದರೆ ಡೆಲ್ ಆಪ್ಟಿಪ್ಲೆಕ್ಸ್ ಜಿಎಕ್ಸ್270ರಲ್ಲಿ ಉಬ್ಬಿದ್ದು ಜಪಾನಿನದೇ ಹೆಸರಾಂತ ಕಂಪನಿಯ ಮಾಲು. ದುರಸ್ತಿಗೆಂದೇ ಡೆಲ್ 2005ರಲ್ಲಿ ಸುಮಾರು 30 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ನೆತ್ತಿ ಉಬ್ಬಿದ್ದನ್ನು ಕಂಡ ಮೇಲೂ ತಮ್ಮ ಪ್ರೋಬ್ ಹಿಡಿದು ‘ಸಾಹೇಬರು ಏನೆನ್ನುತ್ತಾರೋ ನೋಡೋಣ’ ಎನ್ನುವವರಿದ್ದಾರೆ. ಅಂಥ ಭಕ್ತರಿಗೆ ಈ ಪತ್ರದಿಂದ ಪ್ರಯೋಜನವಿಲ್ಲ.

ಆದ್ದರಿಂದ ಕೆಪಾಸಿಟೆನ್ಸ್ ಖಾತೆಯನ್ನು ತಮ್ಮಿಂದ ಹಿಂಪಡೆದು ಬೇರೊಬ್ಬರಿಗೆ ವಹಿಸುವುದೆಂದು ಮೇಜಿನ ಮಟ್ಟದಲ್ಲಿ ತೀರ್ಮಾನವಾಗಿದೆ. ಅರ್ಜಿ ಹಾಕಿಕೊಂಡವರ ವಿವರ ತಮ್ಮ ಅವಗಾಹನೆಗೆ ಕೆಳಗಿದೆ. ಅಸೂಯೆ ಬೇಡ. ಅವರಲ್ಲಿ ಯಾರೂ ದೇವರಲ್ಲ.

ಮೊದಲ ಅರ್ಜಿದಾರರು ಬಡವರ ಬಂಧು. ಪುಟ್ಟ ಪರದೆ, ಹಿಡಿಕೆಯ ಸಾಕೆಟ್, ಒಂದೇ ಗುಂಡಿ, ಒಂಬತ್ತು ವೋಲ್ಟ್ ಬ್ಯಾಟರಿ. ಎಲ್‌ಸಿಆರ್-ಟಿ4, ಜಿಎಂ328 ಹೀಗೆ ಹಲವು ಹೆಸರುಗಳಲ್ಲಿ, ಹೆಚ್ಚುಕಡಿಮೆ ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುತ್ತಾರೆ. ಯಾವ ಬಿಡಿಭಾಗ ತೂರಿಸಿದರೂ ಅದು ಟ್ರಾನ್ಸಿಸ್ಟರೋ ಡಯೋಡೋ ಕೆಪಾಸಿಟರೋ ಎಂದು ತಾವೇ ಕಂಡುಹಿಡಿದು, ಕೆಪಾಸಿಟರಾದರೆ ಮೈಕ್ರೋಫ್ಯಾರಡ್ ಜೊತೆಗೆ ಇಎಸ್‌ಆರ್ ಕೂಡ ಹೇಳುತ್ತಾರೆ. ಇವರ ಮನೆತನ ದೊಡ್ಡದು: ಜರ್ಮನಿಯ ಮಾರ್ಕುಸ್ ಫ್ರೆಯೆಕ್ ಎಂಬವರು ಎವಿಆರ್ ಮೈಕ್ರೋಕಂಟ್ರೋಲರ್ ಚಿಪ್ಪಿನ ಮೇಲೆ ಪರೀಕ್ಷಕವನ್ನು ಕಟ್ಟಿದರು, ಕಾರ್ಲ್-ಹೈನ್ಸ್ ಕ್ಯೂಬೆಲರ್ ಅದನ್ನು ಬೆಳೆಸಿದರು, ಎಲ್ಲವನ್ನೂ ಊರಿಗೆಲ್ಲ ಬಿಟ್ಟಿಯಾಗಿ ಕೊಟ್ಟರು. ಚೀನಾದ ಕಾರ್ಖಾನೆಗಳು ಧಾರಾಳವಾಗಿ ಸ್ವೀಕರಿಸಿದವು, ಡಬ್ಬಿಯ ಮೇಲೆ ಹೆಸರು ಹಾಕುವುದನ್ನು ಮಾತ್ರ ಮರೆತವು.

ಇವರ ಸಮಸ್ಯೆ ಎರಡು. ಕೆಪಾಸಿಟರನ್ನು ಬೋರ್ಡಿನಿಂದ ಕಿತ್ತುಕೊಟ್ಟರಷ್ಟೇ ಇವರು ಸರಿಯಾಗಿ ಮಾತಾಡುವುದು. ಹಳೆಯ ಹಲವು ಪದರದ ಬೋರ್ಡಿನಿಂದ ಕೆಪಾಸಿಟರ್ ಕೀಳುವಾಗ ರಂಧ್ರದ ತಾಮ್ರವೂ ಕಿತ್ತು ಬರಬಹುದು. ಆರೋಗ್ಯವಂತನನ್ನು ಪರೀಕ್ಷೆಗೆಂದು ಕಿತ್ತು ಬೋರ್ಡನ್ನು ಕೊಲ್ಲುವುದು ಯಾವ ನ್ಯಾಯ? ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಚಾರ್ಜ್ ಉಳಿದಿರುವ ಕೆಪಾಸಿಟರನ್ನು ಸಾಕೆಟ್ಟಿಗೆ ತೂರಿಸಿದರೆ ಇವರ ಚಿಪ್ಪು ಆ ಕ್ಷಣದಲ್ಲೇ ಹೋಗಬಹುದು. ಅಗ್ಗದ ಮಾದರಿಗಳಲ್ಲಿ ಹೇಳಿಕೊಳ್ಳುವಂಥ ರಕ್ಷಣೆಯಿಲ್ಲ. ನಮ್ಮ 230 ವೋಲ್ಟ್ ಕರೆಂಟಿಗೆ ಕಂಪ್ಯೂಟರಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಒಳಗಿನ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಒಟ್ಟು ಸುಮಾರು 325 ವೋಲ್ಟ್ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಇರಬಹುದು. ಅದು ಮೀಟರಿಗಷ್ಟೇ ಅಪಾಯವಲ್ಲ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟೀರ್ ಎನಿಸುವುದು ಶೌರ್ಯವೆಂದು ತಿಳಿದವರು, ದಯಮಾಡಿ ಕೆಲವು ಕಿಲೋ ಓಮ್‌ನ, ಐದು ವ್ಯಾಟಿನ ಒಂದು ರೆಸಿಸ್ಟರ್ ಕೊಳ್ಳಲಿ. ಅದರ ಮೂಲಕ ಚಾರ್ಜ್ ಇಳಿಸಿದ ಮೇಲೆ ವೋಲ್ಟ್ ಸೊನ್ನೆಗೆ ಇಳಿಯಿತೇ ಎಂದು ತಮ್ಮನ್ನೇ ಕೇಳಲಿ. ಅಲ್ಲಿ ತಮ್ಮ ಮಾತೇ ಅಂತಿಮ.

ಎರಡನೆಯ ಅರ್ಜಿದಾರರು ಇಎಸ್‌ಆರ್ ಮೀಟರ್. ಕಿತ್ತು ನೋಡುವ ಹಿಂಸೆಯಿಲ್ಲ, ಬೋರ್ಡಿನ ಮೇಲೆ ಇದ್ದಲ್ಲೇ ಮುಟ್ಟಿ ನೋಡುತ್ತಾರೆ. ಆಸ್ಟ್ರೇಲಿಯಾದ ಬಾಬ್ ಪಾರ್ಕರ್ 1996ರಲ್ಲಿ ‘ಎಲೆಕ್ಟ್ರಾನಿಕ್ಸ್ ಆಸ್ಟ್ರೇಲಿಯಾ’ ಪತ್ರಿಕೆಯಲ್ಲಿ ಪ್ರಕಟಿಸಿದ ಮೀಟರ್ ಈ ವಂಶದಲ್ಲಿ ಪ್ರಖ್ಯಾತ. ಬಿಡಿಭಾಗಗಳ ಕಿಟ್ ಆಗಿ ಮಾರಾಟವಾಗಿ ಟಿವಿ, ವಿಸಿಆರ್ ರಿಪೇರಿಯವರ ಕೈಸೇರಿತು. ಕೆಪಾಸಿಟರ್ ಚಾರ್ಜ್ ಆಗಲು ಪುರಸೊತ್ತೇ ಇಲ್ಲದಷ್ಟು ಕಿರಿದಾದ, ಸೆಕೆಂಡಿನ ಹತ್ತು ಲಕ್ಷದ ಕೆಲವೇ ಭಾಗಗಳಷ್ಟು ಹೊತ್ತಿನ ಕರೆಂಟಿನ ಏಟು ಕೊಟ್ಟು, ಆ ಏಟಿಗೆ ಎಷ್ಟು ವೋಲ್ಟ್ ಎದ್ದಿತೆಂದು ನೋಡುವುದು ಅದರ ಉಪಾಯ. ಚಾರ್ಜ್ ಆಗಿಲ್ಲವಾದ್ದರಿಂದ ಎದ್ದ ವೋಲ್ಟೆಲ್ಲ ಒಳರೋಧದ್ದೇ. ಇಂದಿನ ಅಗ್ಗದ ಎಂಇಎಸ್‌ಆರ್-100 ಥರದವರು 100 ಕಿಲೋಹರ್ಟ್ಸ್ ಅಲೆಯಲ್ಲಿ ಇದೇ ಕೆಲಸ ಮಾಡುತ್ತಾರೆ. ಇಬ್ಬರೂ ಬಳಸುವ ವೋಲ್ಟೇಜ್ ಸಿಲಿಕಾನಿನ 0.6 ವೋಲ್ಟ್‌ಗಿಂತ ಬಹಳ ಕೆಳಗೆ; ಸುತ್ತಲಿನ ಐಸಿ, ಡಯೋಡುಗಳಿಗೆ ಯಾರೋ ಬಂದುಹೋದದ್ದೇ ತಿಳಿಯುವುದಿಲ್ಲ.

ಇವರ ನಿಜವಾದ ಪ್ರತಾಪ ಮದರ್‌ಬೋರ್ಡಿನಲ್ಲಲ್ಲ, ಎಸ್‌ಎಂಪಿಎಸ್ ಒಳಗೆ. ಅಲ್ಲಿ ಹೀಟ್‌ಸಿಂಕಿನ ಬಿಸಿಗೆ ಮೈಯೊಡ್ಡಿ 10 ಅಥವಾ 47 ಮೈಕ್ರೋಫ್ಯಾರಡ್‌ನ ಸಣ್ಣ ಕೆಪಾಸಿಟರ್‌ಗಳು ಕೂತಿರುತ್ತವೆ. ಸ್ಟ್ಯಾಂಡ್‌ಬೈ ವೋಲ್ಟೇಜ್ ಏಳಬೇಕಾದರೆ ಇವು ಸರಿಯಿರಬೇಕು. ಇಷ್ಟು ಸಣ್ಣವು ಸಾಮಾನ್ಯವಾಗಿ ಉಬ್ಬುವುದಿಲ್ಲ, ಸೋರುವುದೂ ಕಾಣುವುದಿಲ್ಲ. ಹೊಚ್ಚಹೊಸದರಂತೆ ಹೊಳೆಯುತ್ತ ಒಳಗೊಳಗೇ ಒಣಗಿರುತ್ತವೆ. ದೊಡ್ಡವುಗಳ ಉಬ್ಬಿದ ನೆತ್ತಿಯನ್ನು ಎಲ್ಲರೂ ನೋಡುತ್ತಾರೆ, ಇವನ್ನು ಯಾರೂ ನೋಡುವುದಿಲ್ಲ. ಇಎಸ್‌ಆರ್ ಮೀಟರ್ ಮಾತ್ರ ಎರಡು ಸೆಕೆಂಡಿನಲ್ಲಿ 38 ಓಮ್ ಎಂದು ಹೇಳಿಬಿಡುತ್ತದೆ. ಎಷ್ಟಿದ್ದರೆ ಸರಿ ಎಂಬುದಕ್ಕೆ ಸ್ಥೂಲ ಲೆಕ್ಕ: 1000 ಮೈಕ್ರೋಫ್ಯಾರಡಿಗೆ ಒಂದು ಓಮಿನ ಹತ್ತನೇ ಒಂದರೊಳಗೆ, 100ಕ್ಕೆ ಅರ್ಧ ಓಮಿನ ಆಸುಪಾಸು, 10ಕ್ಕೆ ಒಂದೆರಡು ಓಮ್, 1ಕ್ಕೆ ನಾಲ್ಕೈದು. 38 ಯಾರ ಲೆಕ್ಕದಲ್ಲೂ ಪಾಸಾಗುವುದಿಲ್ಲ.

ಇನ್ನು ಇವರ ದೋಷ. ಮದರ್‌ಬೋರ್ಡಿನಲ್ಲಿ ಪ್ರೊಸೆಸರಿನ ಸುತ್ತ ಆರೆಂಟು ಕೆಪಾಸಿಟರ್‌ಗಳು ಒಂದೇ ಸಾಲಿಗೆ ಸಮಾನಾಂತರವಾಗಿ ಸೇರಿರುತ್ತವೆ. ಯಾವುದಕ್ಕೆ ಪ್ರೋಬ್ ಇಟ್ಟರೂ ಮೀಟರಿಗೆ ಕೇಳುವುದು ಇಡೀ ಸಾಲಿನ ಉತ್ತರ. ಅವುಗಳಲ್ಲಿ ಒಂದು ಸತ್ತಿದ್ದರೂ ಉಳಿದವು ಅದರ ಪರವಾಗಿ ‘ಹಾಜರ್’ ಎನ್ನುತ್ತವೆ. ಎಂಬತ್ತರ ದಶಕದ ಯಂತ್ರಗಳಲ್ಲಂತೂ ಇನ್ನೂ ಕಷ್ಟ: ಹೆಚ್ಚುಕಡಿಮೆ ಪ್ರತಿ ಚಿಪ್ಪಿನ ಪಕ್ಕದಲ್ಲೂ 0.1 ಮೈಕ್ರೋಫ್ಯಾರಡ್‌ನ ಒಂದು ಸೆರಾಮಿಕ್ ಇರುತ್ತದೆ. ಒಂದೇ ಒಂದು ಇದ್ದರೆ 100 ಕಿಲೋಹರ್ಟ್ಸ್‌ನಲ್ಲಿ ಅದು 16 ಓಮ್, ಚಿಂತೆಯಿಲ್ಲ. ಐವತ್ತು ಒಟ್ಟಿಗೆ ಕೂತಾಗ ಮೂರನೇ ಒಂದು ಓಮ್‌ಗೂ ಕಡಿಮೆ. ಅವುಗಳ ಮಧ್ಯೆ ಸತ್ತಿರುವ 10 ಮೈಕ್ರೋಫ್ಯಾರಡನ್ನು ಅಳೆದರೆ ಆರೋಗ್ಯ ಅಮೋಘ ಎಂಬ ವರದಿ ಬರುತ್ತದೆ. ಅಂದರೆ ಸತ್ತವರಿಗೆ ಪ್ರಮಾಣಪತ್ರ ಕೊಡುವ ಚಾಳಿ ತಮಗೊಬ್ಬರಿಗೇ ಅಂಟಿದ್ದಲ್ಲ, ಸಾಹೇಬರೇ. ಇಎಸ್‌ಆರ್ ಮೀಟರ್ ‘ಕೆಟ್ಟಿದೆ’ ಎಂದರೆ ನಂಬಬಹುದು. ‘ಚೆನ್ನಾಗಿದೆ’ ಎಂದರೆ ಸುತ್ತಲೂ ಯಾರಿದ್ದಾರೆ ಎಂದು ನೋಡಿ ನಂಬಬೇಕು.

ಮೂರನೆಯವರು ಶ್ರೀಮಂತರು. ತೈವಾನಿನ ಡಿಇ-5000 ಎಂಬ ಎಲ್‌ಸಿಆರ್ ಮೀಟರ್, ನೂರು ಹರ್ಟ್ಸ್‌ನಿಂದ ನೂರು ಕಿಲೋಹರ್ಟ್ಸ್‌ವರೆಗೆ ಐದು ಆವರ್ತನಗಳಲ್ಲಿ, ನಾಲ್ಕು ತಂತಿಯ ಜೋಡಣೆಯಲ್ಲಿ ಅಳೆಯುತ್ತದೆ. ಅಗ್ಗದ ಮೀಟರುಗಳ ಪ್ರೋಬ್ ತಂತಿಯ ರೋಧವೇ ಅಳೆಯಬೇಕಾದ ಮಿಲಿಓಮುಗಳನ್ನು ನುಂಗಿಹಾಕುವಾಗ, ಇದು ಆ ರೋಧವನ್ನು ಲೆಕ್ಕದಿಂದ ಹೊರಗಿಡುತ್ತದೆ. ಬೆಲೆ ಐದಂಕಿ. ಒಂದು ಹಳೆಯ ಪೆಂಟಿಯಂ 4 ಯಂತ್ರ ಗುಜರಿಯಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂದು ನೆನೆದರೆ, ಇದನ್ನು ಕೊಳ್ಳುವವರು ಕಂಪ್ಯೂಟರ್ ರಿಪೇರಿ ಮಾಡಲು ಹೊರಟಿಲ್ಲ, ಮೀಟರ್ ಇಟ್ಟುಕೊಳ್ಳಲು ಹೊರಟಿದ್ದಾರೆ ಎಂದು ಸ್ಪಷ್ಟವಾಗುತ್ತದೆ. ಅದೂ ಒಂದು ಸುಖವೇ; ನನ್ನ ಆಕ್ಷೇಪವಿಲ್ಲ.

ಇಷ್ಟೆಲ್ಲ ಸಂದರ್ಶನ ಮುಗಿದ ಮೇಲೂ ಒಂದು ಮುಜುಗರದ ವಿಷಯ ಉಳಿಯುತ್ತದೆ: ಹಳೆಯ ಕಂಪ್ಯೂಟರಿನಲ್ಲಿ ನಿಜಕ್ಕೂ ಅಪಾಯಕಾರಿಗಳಾದವರನ್ನು ಈ ಮೂವರಲ್ಲಿ ಯಾರೂ ಹಿಡಿಯಲಾರರು.

1984-85ರಲ್ಲಿ ಭಾರತ ಸರಕಾರ ‘ಕ್ಲಾಸ್’ ಯೋಜನೆಯಡಿ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ಹಂಚಿತು. ಯಾವುದೋ ಶಾಲೆಯ ಬೀರುವಿನಲ್ಲಿ ಅಂಥದೊಂದು ಸಿಕ್ಕರೆ ನಮ್ಮವರು ಮೊದಲು ಮಾಡುವ ಕೆಲಸ ಪ್ಲಗ್ ಹಾಕುವುದು. ಅದರ ಪವರ್ ಸಪ್ಲೈಯಲ್ಲಿ ಮೇನ್ಸ್ ಕರೆಂಟಿಗೇ ಅಡ್ಡಲಾಗಿ ರಿಫಾ ಎಂದು ಬರೆದ, ಪಾರದರ್ಶಕ ಹಳದಿ ಮೈಯ ಕಾಗದದ ಕೆಪಾಸಿಟರ್ ಇರುತ್ತದೆ. ದಶಕಗಳಲ್ಲಿ ಆ ಮೈ ಬಿರುಕು ಬಿಟ್ಟು ಒಳಗಿನ ಕಾಗದ ತೇವ ಹೀರಿರುತ್ತದೆ. ಮೀಟರ್ ಹಿಡಿದರೆ ಮೈಕ್ರೋಫ್ಯಾರಡ್ ಸರಿಯಾಗೇ ತೋರಬಹುದು. 230 ವೋಲ್ಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಕೋಣೆ ತುಂಬ ಹೊಗೆ. ಒಂದು ವೋಲ್ಟ್‌ಗೂ ಕಡಿಮೆಯಲ್ಲಿ, ಹೆಚ್ಚೆಂದರೆ ನಾಲ್ಕೈದು ವೋಲ್ಟಿನಲ್ಲಿ ಕೈಕುಲುಕುವ ಮೀಟರಿಗೆ 230 ವೋಲ್ಟಿನಲ್ಲಿ ಆಗುವ ಅನಾಹುತ ಗೊತ್ತಾಗುವುದು ಹೇಗೆ? ಅಂಥದ್ದನ್ನು ಅಳೆಯಬಾರದು, ಪ್ಲಗ್ ಹಾಕುವ ಮೊದಲೇ ಕಿತ್ತು, ಮೇನ್ಸ್‌ಗೆ ಅಡ್ಡಲಾಗಿ ಹಾಕಲೆಂದೇ ಇರುವ ಎಕ್ಸ್2 ದರ್ಜೆಯ ಪ್ಲಾಸ್ಟಿಕ್ ಫಿಲ್ಮ್ ಕೆಪಾಸಿಟರ್ ಹಾಕಬೇಕು.

ಆ್ಯಪಲ್ ಮ್ಯಾಕಿಂತೋಷ್ ಎಸ್‌ಇ/30, 1992ರ ಅಮಿಗಾ 1200 ಇವುಗಳ ಬೋರ್ಡಿಗೆ ಅಂಟಿಕೊಂಡ ಸಣ್ಣ ಎಲೆಕ್ಟ್ರೋಲಿಟಿಕ್‌ಗಳದು ಇನ್ನೊಂದು ಬಗೆ. ಬುಡದಿಂದ ಸೋರಿ, ಕೆಳಗಿನ ತಾಮ್ರದ ಗೆರೆಗಳನ್ನು ತಿನ್ನುತ್ತವೆ. ಕಾದ ಸೋಲ್ಡರಿಂಗ್ ಐರನ್ ತಾಗಿಸಿದರೆ ಮೀನಿನ ವಾಸನೆ ಬರುತ್ತದೆ. ಯಾವ ಮೀಟರಿಗಿಂತಲೂ ಅಲ್ಲಿ ಮೂಗು ಮೇಲು. ಇವನ್ನೂ ಅಳೆಯುತ್ತ ಕೂರುವುದು ವ್ಯರ್ಥ. ಪೂರ್ತಿ ತೆಗೆದು, ಬೋರ್ಡ್ ತೊಳೆದು, ಹೊಸದು ಹಾಕುವುದೊಂದೇ ದಾರಿ. 1981ರ ಐಬಿಎಂ ಪಿಸಿಯ ಟ್ಯಾಂಟಲಮ್ ಕೆಪಾಸಿಟರ್‌ಗಳು ಮಾತ್ರ ತಮ್ಮ ಪಾಲಿಗೆ ಬರುತ್ತವೆ. ಅವು ಸತ್ತರೆ ಶಾರ್ಟ್ ಆಗಿ ಸಾಯುವುದೇ ಹೆಚ್ಚು. 12 ವೋಲ್ಟ್ ಲೈನಿಗೂ ಗ್ರೌಂಡಿಗೂ ಪ್ರೋಬ್ ಇಟ್ಟರೆ ತಾವು ಕುಂಯ್ ಎನ್ನುತ್ತೀರಿ, ಪತ್ತೆದಾರಿ ಮುಗಿಯಿತು. ಆ ಕುಂಯ್ ಖಾತೆ ಸದಾ ತಮ್ಮಲ್ಲೇ ಇರಲಿ.

ಆದರೆ ಎಸ್‌ಎಂಪಿಎಸ್‌ನ 12 ವೋಲ್ಟ್ ಲೈನಿಗೆ ಪ್ರೋಬ್ ಇಟ್ಟು 12.03 ಎಂದು ತೋರಿಸಿ ‘ಸಪ್ಲೈ ಸರಿಯಿದೆ’ ಎಂಬ ಭಾವನೆ ಮೂಡಿಸುವುದನ್ನು ಇನ್ನಾದರೂ ಬಿಡಿ. ತಾವು ತೋರಿಸುವುದು ಸರಾಸರಿ. ಪಿಸಿ ಪವರ್ ಸಪ್ಲೈಗಳ ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟಿನ ಮೇಲೆ 120 ಮಿಲಿವೋಲ್ಟಿಗಿಂತ, 5 ವೋಲ್ಟಿನ ಮೇಲೆ 50 ಮಿಲಿವೋಲ್ಟಿಗಿಂತ ಹೆಚ್ಚು ಅಲೆ ಇರಬಾರದು. ಅಲೆ ಅರ್ಧ ವೋಲ್ಟ್ ಎದ್ದು ಕುಣಿಯುತ್ತಿದ್ದರೂ ತಮ್ಮ ಪರದೆಯಲ್ಲಿ 12.03ಕ್ಕೆ ಭಂಗವಿಲ್ಲ. ಅದನ್ನು ಕಾಣಲು ಆಸಿಲೋಸ್ಕೋಪ್ ಬೇಕು, ಅದರ ಬೆಲೆಯ ವಿಚಾರ ಈ ಪತ್ರದಲ್ಲಿ ಬೇಡ.

ಕೊನೆಗೆ ಖಾತೆ ಹಂಚಿಕೆ. ಎಸ್‌ಎಂಪಿಎಸ್ ಮತ್ತು ಮಾನಿಟರುಗಳ ಒಳಗೆ ಹುಡುಕುವ ಕೆಲಸ ಇಎಸ್‌ಆರ್ ಮೀಟರಿಗೆ. ಬಡವರ ಬಂಧುವಿಗೆ ಕೊಡುವ ಕೆಲಸ ಕೇಳಿ ತಮಗೆ ನಗು ಬರಬಹುದು: ಹಳೆಯ ಕೆಪಾಸಿಟರ್‌ಗಳಲ್ಲ, ಹೊಸವು. ಬೆಂಗಳೂರಿನ ಎಸ್‌.ಪಿ. ರೋಡಿನಂಥ ಯಾವುದೇ ದೊಡ್ಡ ಸಂತೆಯಲ್ಲಾಗಲಿ, ಆನ್‌ಲೈನಿನಲ್ಲಾಗಲಿ, ಜಪಾನಿನ ಹೆಸರು ಹೊತ್ತ ನಕಲಿ ಕೆಪಾಸಿಟರ್‌ಗಳು ಅಸಲಿಯ ಪಕ್ಕದಲ್ಲೇ ಇರುತ್ತವೆ. ದೊಡ್ಡ ಡಬ್ಬಿಯೊಳಗೆ ಸಣ್ಣ ಡಬ್ಬಿ ಅಡಗಿಸಿಟ್ಟವೂ ಸಿಕ್ಕಿದ್ದುಂಟು. ಬೋರ್ಡಿಗೆ ಹಾಕುವ ಮೊದಲು ಒಂದೊಂದನ್ನೂ ಸಾಕೆಟ್ಟಿಗೆ ತೂರಿಸಿ ಮೈಕ್ರೋಫ್ಯಾರಡ್, ಇಎಸ್‌ಆರ್ ಎರಡನ್ನೂ ನೋಡಿದರೆ ಕಳ್ಳರು ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತಾರೆ. ಹೊಸದಕ್ಕೆ ಕೀಳುವ ಕಷ್ಟವಿಲ್ಲ, ಚಾರ್ಜಿನ ಭಯವಿಲ್ಲ, ಸಮಾನಾಂತರದ ಗೊಂದಲವಿಲ್ಲ. ಅವರ ಎರಡೂ ದೋಷಗಳು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ತಾವು ವೋಲ್ಟ್, ಓಮ್ ಮತ್ತು ಕುಂಯ್ ವಿಭಾಗಗಳಲ್ಲಿ ಎಂದಿನಂತೆ ಮುಂದುವರಿಯತಕ್ಕದ್ದು.

ಇಂತಿ ತಮ್ಮ ವಿಧೇಯ,
ಪ್ರಮಾಣಪತ್ರಗಳ ಕಂತೆ ಹಿಡಿದು ನಿಂತವ

ಪ್ರತಿ: ಮೀಟರ್ ಕೊಳ್ಳಲು ಹೊರಟ ಓದುಗರಿಗೆ, ಸೂಕ್ತ ಕ್ರಮಕ್ಕಾಗಿ. ದುರಸ್ತಿಗೆ ಇರುವುದು ಒಂದೇ ಯಂತ್ರವಾದರೆ ಯಾವ ಮೀಟರೂ ಬೇಡ, ಆ ದುಡ್ಡಿಗೆ ಒಳ್ಳೆಯ ಹೊಸ ಕೆಪಾಸಿಟರ್‌ಗಳನ್ನೇ ಕೊಳ್ಳಿ. ನಾಲ್ಕಾರು ಇದ್ದರೆ ಸಾವಿರ ರೂಪಾಯಿಯ ಪರೀಕ್ಷಕ ಸಾಕು. ಪವರ್ ಸಪ್ಲೈಗಳನ್ನು ಬಿಚ್ಚುವ ಚಟ ಅಂಟಿದ್ದರೆ ಮಾತ್ರ, ಸರ್ಕ್ಯೂಟಿನಲ್ಲೇ ಅಳೆಯುವ ಇಎಸ್‌ಆರ್ ಮೀಟರಿಗೆ ಕೈಹಾಕಿ.